ಕುಂಟುವ ಮೊದಲೇ ನೋಡಬೇಕಾದ ಸೊಂಟ

ನಮ್ಮ ನಾಯಿ ಮರಿಯಾಗಿದ್ದಾಗ ಓಡುತ್ತಿದ್ದ ರೀತಿ ಎಲ್ಲರಿಗೂ ಇಷ್ಟವಾಗಿತ್ತು. ಹಿಂದಿನ ಎರಡೂ ಕಾಲು ಜೋಡಿಸಿಕೊಂಡು ಮೊಲದ ಹಾಗೆ ಕುಪ್ಪಳಿಸುತ್ತಿತ್ತು. ಮನೆಗೆ ಬಂದವರಿಗೆಲ್ಲ ಓಡಿಸಿ ತೋರಿಸುತ್ತಿದ್ದೆವು. ವಿಡಿಯೊ ಮಾಡಿ ಹತ್ತಾರು ಜನರಿಗೆ ಕಳಿಸಿದ್ದೂ ಆಯಿತು. ಹತ್ತು ತಿಂಗಳಾಗುವ ಹೊತ್ತಿಗೆ ಅದು ಮಲಗಿದಲ್ಲಿಂದ ಏಳಲು ತಿಣುಕಾಡತೊಡಗಿತು. ಎಕ್ಸ್‌ರೇ ತೆಗೆದ ಡಾಕ್ಟರು ಪರದೆ ನೋಡುತ್ತಲೇ, "ಚಿಕ್ಕದಿದ್ದಾಗ ಹೇಗೆ ಓಡ್ತಿತ್ತು?" ಅಂತ ಕೇಳಿದರು. ನಾನು ಖುಷಿಯಿಂದಲೇ ಮೊಬೈಲು ತೆಗೆದು ಆ ವಿಡಿಯೊ ತೋರಿಸಿದೆ. ಅವರು ಎರಡು ಸಲ ನೋಡಿದರು. ನಗಲಿಲ್ಲ.

ಮರಿಗಳು ಆಗೊಮ್ಮೆ ಈಗೊಮ್ಮೆ ಕುಪ್ಪಳಿಸುವುದು ಸಹಜ. ಓಡುವಾಗೆಲ್ಲ ಹಾಗೇ ಮಾಡಿದರೆ ಮಾತ್ರ ಯೋಚಿಸಬೇಕು. ಒಂದೇ ಕಾಲಿನ ಮೇಲೆ ಭಾರ ಬಿಟ್ಟರೆ ಸೊಂಟ ನೋಯುತ್ತದೆ, ಎರಡನ್ನೂ ಒಟ್ಟಿಗೆ ಊರಿದರೆ ಭಾರ ಹಂಚಿಹೋಗುತ್ತದೆ. ಮರಿ ತನಗೆ ತಾನೇ ಕಂಡುಕೊಂಡ ಉಪಾಯ ಅದು. ನಾವು ಅದನ್ನು ಮುದ್ದು ಅಂದುಕೊಂಡೆವು.

ಈ ತೊಂದರೆಗೆ ಹಿಪ್ ಡಿಸ್‌ಪ್ಲೇಸಿಯಾ ಅಂತ ಹೆಸರು. ಹೆಸರು ಕೇಳಿ ಹೆದರಬೇಡಿ, ವಿಷಯ ಸರಳ. ಬೆಳೆಯುವ ವಯಸ್ಸಿನಲ್ಲಿ ಸೊಂಟದ ಕೀಲು ಸಡಿಲವಾಗಿ, ಅದೇ ಸಡಿಲದಲ್ಲಿ ಮೂಳೆ ತಪ್ಪು ಆಕಾರಕ್ಕೆ ಬೆಳೆಯುವುದು. ಕಷ್ಟ ಇರುವುದು ಬೇರೆ ಕಡೆ. ಇದನ್ನು ಹಿಡಿದು ಏನಾದರೂ ಮಾಡಲು ಒಳ್ಳೆಯ ಸಮಯ ಮರಿಗೆ ಸುಮಾರು ನಾಲ್ಕು ತಿಂಗಳಿದ್ದಾಗ. ಆಗ ಅದು ಕುಂಟುವುದಿಲ್ಲ, ಕುಂಯ್‌ಗುಡುವುದಿಲ್ಲ, ಚಪ್ಪಲಿ ಕಚ್ಚಿಕೊಂಡು ಮನೆ ತುಂಬ ಓಡಾಡಿಕೊಂಡಿರುತ್ತದೆ. ಅಂಥ ಮರಿಯನ್ನು ಸೊಂಟ ನೋಡಿಸೋಕೆ ಅಂತ ಯಾರು ತಾನೇ ಕರೆದುಕೊಂಡು ಹೋಗುತ್ತಾರೆ?

ಗುಂಡು, ಬಟ್ಟಲು

ಎಡ ಅಂಗೈಯನ್ನು ಬಟ್ಟಲಿನ ಹಾಗೆ ಮಡಚಿ. ಬಲಗೈ ಮುಷ್ಟಿಯನ್ನು ಅದರೊಳಗೆ ಇಡಿ. ಮುಷ್ಟಿ ಅಂದರೆ ತೊಡೆಮೂಳೆಯ ತುದಿಯಲ್ಲಿರುವ ಗುಂಡು. ಅಂಗೈ ಅಂದರೆ ಸೊಂಟದ ಮೂಳೆಯಲ್ಲಿರುವ ಬಟ್ಟಲು. ಒರಳಿನಲ್ಲಿ ಗುಂಡು ಕೂತ ಹಾಗೆ ಕೂತಿರುತ್ತದೆ. ಮುಷ್ಟಿ ಒಳಗೆ ಸರಿಯಾಗಿ ಕೂತಿದ್ದರೆ ಹೇಗೆ ತಿರುಗಿಸಿದರೂ ಒತ್ತಡ ಅಂಗೈ ತುಂಬ ಹರಡುತ್ತದೆ. ಈಗ ಮುಷ್ಟಿಯನ್ನು ಸ್ವಲ್ಪ ಹೊರಗೆಳೆದು ಬೆರಳುಗಳ ತುದಿಯ ಮೇಲೆ ಒತ್ತಿ ನೋಡಿ. ಭಾರವೆಲ್ಲ ಆ ಸಣ್ಣ ಅಂಚಿನ ಮೇಲೆ ಬಿತ್ತು, ಅಲ್ವಾ? ಸಡಿಲ ಕೀಲಿರುವ ನಾಯಿಗೆ ಪ್ರತಿ ಹೆಜ್ಜೆಯಲ್ಲೂ ಹೀಗೇ ಆಗುತ್ತದೆ.

ಬಹಳ ಜನ ತಪ್ಪು ತಿಳಿದಿರುವ ಸಂಗತಿ ಒಂದಿದೆ. ಈ ಮರಿಗಳು ಕೆಟ್ಟ ಸೊಂಟ ಇಟ್ಟುಕೊಂಡು ಹುಟ್ಟುವುದಿಲ್ಲ. ಹುಟ್ಟುವಾಗ ಕೀಲು ಸರಿಯಾಗಿಯೇ ಇರುತ್ತದೆ. ಹುಟ್ಟಿನಿಂದ ಬರುವುದು ಸಡಿಲವಾಗುವ ಗುಣ ಮಾತ್ರ. ಮೊದಲ ಕೆಲವು ವಾರ ಗುಂಡು, ಬಟ್ಟಲು ಎರಡೂ ಬಹುಪಾಲು ಮೆದುಮೂಳೆ. ಗುಂಡು ಒಳಗೆ ಒತ್ತಿಕೊಂಡೇ ಇದ್ದರೆ ಬಟ್ಟಲು ಅದರ ಸುತ್ತ ಆಳವಾಗಿ ಬೆಳೆಯುತ್ತದೆ, ಗುಂಡೂ ದುಂಡಗಾಗುತ್ತದೆ. ಒಂದಕ್ಕೆ ಇನ್ನೊಂದು ಅಚ್ಚು. ಗುಂಡು ಮತ್ತೆ ಮತ್ತೆ ಜಾರಿ ಅಂಚಿಗೆ ಬರುತ್ತಿದ್ದರೆ ಆ ಅಂಚು ಸವೆದು, ಬಟ್ಟಲು ಹೋಗಿ ತಟ್ಟೆಯಾಗುತ್ತದೆ.

ಗುಂಡನ್ನು ಒಳಗೆ ಹಿಡಿದಿಡುವುದು ಸುತ್ತಲಿನ ಚೀಲದಂಥ ಪೊರೆ, ಒಳಗಿನ ಒಂದು ಗಟ್ಟಿ ನಾರು, ಹೊರಗಿನ ಸ್ನಾಯುಗಳು. ಇವುಗಳ ಜೊತೆ ಕೀಲಿನೊಳಗಿನ ಒಂದಿಷ್ಟೇ ಇಷ್ಟು ದ್ರವ. ಎರಡು ಗಾಜಿನ ತುಂಡಿನ ನಡುವೆ ಒಂದು ಹನಿ ನೀರು ಬಿಟ್ಟು ಬೇರೆ ಮಾಡಲು ಹೋದರೆ ಅವು ಅಂಟಿಕೊಂಡು ಬಿಡುವುದೇ ಇಲ್ಲವಲ್ಲ, ಅದೇ ಹಿಡಿತ ಇಲ್ಲಿಯೂ. ಕೀಲು ಕೆರಳಿ ದ್ರವ ಜಾಸ್ತಿಯಾದರೆ ಆ ಹಿಡಿತ ಹೋಗುತ್ತದೆ. ಹಿಡಿತ ಹೋದಷ್ಟೂ ಗುಂಡು ಜಾರುತ್ತದೆ, ಜಾರಿದಷ್ಟೂ ಕೀಲು ಕೆರಳುತ್ತದೆ.

ಮುಂದಿನದು ದೇಹದ ರಿಪೇರಿ ಕೆಲಸ. ಅಲುಗಾಡುವ ಕೀಲನ್ನು ನಿಲ್ಲಿಸಲು ದೇಹ ಪೊರೆಯನ್ನು ದಪ್ಪ ಮಾಡುತ್ತದೆ, ಅಂಚಿನಲ್ಲಿ ಹೊಸ ಮೂಳೆ ಬೆಳೆಸುತ್ತದೆ. ಇದೇ ಸಂಧಿವಾತ. ಇಲ್ಲಿ ಒಂದು ಮೋಸ ನಡೆಯುತ್ತದೆ. ಸಾಮಾನ್ಯವಾಗಿ ಐದು ತಿಂಗಳಿಂದ ಒಂದು ವರ್ಷದ ಒಳಗೆ ಮೊದಲ ನೋವು ಕಾಣಿಸುತ್ತದೆ. ಪೊರೆ ದಪ್ಪವಾಗುತ್ತಾ ಬಂದಂತೆ ಕೀಲು ಸ್ವಲ್ಪ ಬಿಗಿಯಾಗಿ, ಒಂದೂವರೆ ವರ್ಷದ ಹೊತ್ತಿಗೆ ಎಷ್ಟೋ ನಾಯಿಗಳಲ್ಲಿ ನೋವು ತಗ್ಗಿಬಿಡುತ್ತದೆ. ನಮ್ಮದೂ ಹಾಗೇ ಚೇತರಿಸಿಕೊಂಡಿತು. ಹುಷಾರಾಯ್ತು ಬಿಡಿ ಅಂತ ಎಲ್ಲರೂ ಹೇಳಿದರು. ಹುಷಾರಾಗಿರಲಿಲ್ಲ. ನಾಲ್ಕಾರು ವರ್ಷ ಬಿಟ್ಟು ಅದೇ ನೋವು ವಯಸ್ಸಾದ ನೋವಿನ ವೇಷದಲ್ಲಿ ವಾಪಸು ಬಂತು.

ಕೆಲವು ನಾಯಿಗಳಲ್ಲಂತೂ ಮೊದಲ ನೋವು ಕಾಣಿಸುವುದೇ ಇಲ್ಲ, ನೇರ ಮುದಿತನದಲ್ಲಿ ಗೊತ್ತಾಗುತ್ತದೆ. ಹಾಗಾಗಿ ಲಕ್ಷಣ ಬರಲಿ ನೋಡೋಣ ಅಂತ ಕಾದರೆ ಕೆಲಸ ಕೆಡುತ್ತದೆ. ಲಕ್ಷಣಗಳನ್ನು ತಿಳಿದಿರಬೇಕು ನಿಜ. ಏಳುವಾಗ ಮುಂಗಾಲಿನಿಂದ ದೇಹ ಎಳೆದುಕೊಳ್ಳುವುದು, ಹಿಂದಿನಿಂದ ನೋಡಿದರೆ ಸೊಂಟ ಆ ಕಡೆ ಈ ಕಡೆ ಬಳುಕುವುದು, ಮೆಟ್ಟಿಲ ಮುಂದೆ ನಿಂತು ಯೋಚಿಸುವುದು, ಎದೆಯ ಭಾಗ ತುಂಬಿಕೊಂಡು ತೊಡೆ ಮಾತ್ರ ಸಣಕಲಾಗುವುದು. ಇಷ್ಟೆಲ್ಲ ಕಾಣುವ ಹೊತ್ತಿಗೆ ಬಟ್ಟಲಿನ ಆಕಾರ ಬಹುಪಾಲು ತೀರ್ಮಾನವಾಗಿಬಿಟ್ಟಿರುತ್ತದೆ.

ಕೈಗೆ ಸಿಗುವ ಒಂದು 'ಟಕ್'

ಮೊದಲ ಪರೀಕ್ಷೆಗೆ ಯಂತ್ರ ಬೇಡ, ಪಳಗಿದ ಕೈ ಬೇಕು. ಅದಕ್ಕೆ ಆರ್ಟೊಲಾನಿ ಪರೀಕ್ಷೆ ಅಂತ ಹೆಸರು. ಮಾರಿನೊ ಆರ್ಟೊಲಾನಿ ನಾಯಿ ಡಾಕ್ಟರಲ್ಲ, ಇಟಲಿಯ ಮಕ್ಕಳ ಡಾಕ್ಟರು. 1930ರ ದಶಕದಲ್ಲಿ ಅವರು ಹಸುಗೂಸುಗಳ ಸೊಂಟ ನೋಡಲು ವಿವರಿಸಿದ ವಿಧಾನವೇ ಮುಂದೆ ನಾಯಿಮರಿಗಳಿಗೂ ಬಂತು. ನಾಯಿಗಳಲ್ಲಿ ಈ ಕಾಯಿಲೆಯನ್ನು ಮೊದಲು ವರದಿ ಮಾಡಿದ್ದೂ ಆ ದಶಕದಲ್ಲೇ, 1935ರಲ್ಲಿ, ಅಮೆರಿಕದ ಗೆರಿ ಶ್ನೆಲ್ ಎಂಬ ಪಶುವೈದ್ಯರು.

ಮರಿಗೆ ಮೊದಲು ಮಂಪರು ಬರುವ ಮದ್ದು ಕೊಡುತ್ತಾರೆ. ಎಚ್ಚರ ಇದ್ದರೆ ಅದು ತೊಡೆ ಬಿಗಿ ಮಾಡಿಕೊಳ್ಳುತ್ತದೆ, ಬಿಗಿಯಾದ ಸ್ನಾಯು ಸಡಿಲ ಕೀಲನ್ನು ಮುಚ್ಚಿಡುತ್ತದೆ. ನಿದ್ದೆ ಹತ್ತಿದ ಮೇಲೆ ಮರಿಯನ್ನು ಅಂಗಾತ ಮಲಗಿಸುತ್ತಾರೆ. ಡಾಕ್ಟರು ಮೊಣಕಾಲನ್ನು ಅಂಗೈಯಲ್ಲಿ ಹಿಡಿದು, ತೊಡೆಮೂಳೆಯನ್ನು ಉದ್ದಕ್ಕೆ ಮೆಲ್ಲಗೆ ಬೆನ್ನಿನ ಕಡೆಗೆ ಒತ್ತುತ್ತಾರೆ. ಕೀಲು ಸಡಿಲವಿದ್ದರೆ ಗುಂಡು ಈಗ ಸದ್ದಿಲ್ಲದೆ ಅಂಚಿಗೆ ಜಾರುತ್ತದೆ. ಆ ಒತ್ತಡ ಬಿಡದೆ ಮೊಣಕಾಲನ್ನು ನಿಧಾನವಾಗಿ ಹೊರಕ್ಕೆ ಅಗಲಿಸುತ್ತಾ ಹೋಗುತ್ತಾರೆ. ಒಂದು ಹಂತದಲ್ಲಿ ಗುಂಡು 'ಟಕ್' ಅಂತ ಮತ್ತೆ ಬಟ್ಟಲಿಗೆ ಬೀಳುತ್ತದೆ. ಕಿವಿಗೆ ಕೇಳುವುದಕ್ಕಿಂತ ಕೈಗೆ ಗೊತ್ತಾಗುವುದೇ ಜಾಸ್ತಿ. ಡ್ರಾಯರ್ ಪೂರ್ತಿ ಒಳಗೆ ಹೋಗಿ ಕೂತಾಗ ಬೆರಳಿಗೆ ತಿಳಿಯುತ್ತದಲ್ಲ, ಹಾಗೆ. ಎಷ್ಟು ಅಗಲಿಸಿದಾಗ ಬಿತ್ತು ಅನ್ನುವ ಕೋನವನ್ನೂ ಅಳೆದು ಬರೆದುಕೊಳ್ಳುತ್ತಾರೆ. ಕೀಲಿನ ಪೊರೆ ಎಷ್ಟು ಹಿಗ್ಗಿ ಸಡಿಲವಾಗಿದೆ ಅಂತ ಅದರಿಂದ ಅಂದಾಜು ಸಿಗುತ್ತದೆ.

'ಟಕ್' ಬಂದರೆ ಕೀಲು ಸಡಿಲ ಇದೆ. ಬರಲಿಲ್ಲ ಅಂದರೆ? ಚಿಕ್ಕ ಮರಿಯಾದರೆ ಒಳ್ಳೆಯ ಸುದ್ದಿ, ಆದರೆ ಪೂರ್ತಿ ಖಾತ್ರಿಯಲ್ಲ. ದೊಡ್ಡ ನಾಯಿಯಾದರೆ ಏನೂ ಹೇಳಲಾಗದು. ಪೊರೆ ದಪ್ಪವಾಗಿ, ಅಂಚು ಸವೆದುಹೋದ ಮೇಲೆ 'ಟಕ್' ಅನ್ನಲು ಅಲ್ಲಿ ದಾಟಬೇಕಾದ ಏಣೇ ಇರುವುದಿಲ್ಲ. ಕಾಯಿಲೆ ಬಲಿತಾಗ ಪರೀಕ್ಷೆ ಸರಿ ಇದೆ ಅಂತ ತೋರಿಸಬಹುದು! ಇದನ್ನು ಮನೆಯಲ್ಲಿ ಮಾಡಿ ನೋಡುವ ಆಸೆ ಬೇಡ. ಎಚ್ಚರ ಇರುವ ಮರಿಯ ಕಾಲು ಹಿಡಿದು ಒತ್ತಿದರೆ ಸಿಗುವುದು ಉತ್ತರವಲ್ಲ, ಸುಮ್ನೆ ನೋವು.

ಹಿಂಡಿದ ಬಟ್ಟೆಯ ಸಮಸ್ಯೆ

ಎಕ್ಸ್‌ರೇ ತೆಗೆದರೆ ಎಲ್ಲ ಗೊತ್ತಾಗುತ್ತದೆ ಅಂತ ನಾವು ನಂಬಿಬಿಟ್ಟಿದ್ದೇವೆ. ಯಾವ ಭಂಗಿಯಲ್ಲಿ ತೆಗೆದದ್ದು ಅಂತ ಕೇಳುವುದಿಲ್ಲ. ಸೊಂಟದ ವಿಷಯದಲ್ಲಿ ಮುಕ್ಕಾಲು ಕಥೆ ಭಂಗಿಯಲ್ಲೇ ಇದೆ.

ಹಳೆಯ, ಎಲ್ಲ ಕಡೆ ನಡೆಯುವ ಭಂಗಿ ಹೀಗೆ: ನಾಯಿಯನ್ನು ಅಂಗಾತ ಮಲಗಿಸಿ, ಹಿಂಗಾಲುಗಳನ್ನು ನೇರವಾಗಿ ಹಿಂದಕ್ಕೆ ಎಳೆದು, ಮೊಣಕಾಲನ್ನು ಒಳಕ್ಕೆ ತಿರುಗಿಸಿ ಹಿಡಿಯುವುದು. ಚಿತ್ರ ಸೊಗಸಾಗಿ ಬರುತ್ತದೆ. ಮೂಳೆಯ ಆಕಾರ, ಸವೆತ, ಹೊಸ ಮೂಳೆ ಎಲ್ಲ ಕಾಣುತ್ತದೆ. ಆದರೆ ಒದ್ದೆ ಬಟ್ಟೆಯನ್ನು ಹಿಂಡಿದಾಗ ಏನಾಗುತ್ತದೆ ನೆನಪಿಸಿಕೊಳ್ಳಿ. ತಿರುಚಿದಷ್ಟೂ ಗಿಡ್ಡವಾಗಿ ಬಿಗಿಯಾಗುತ್ತದೆ. ಕಾಲನ್ನು ಹಾಗೆ ಎಳೆದು ತಿರುಗಿಸಿದಾಗ ಕೀಲಿನ ಪೊರೆಯೂ ತಿರುಚಿಕೊಂಡು ಗುಂಡನ್ನು ಒಳಕ್ಕೆ ಒತ್ತುತ್ತದೆ. ಸಡಿಲ ಕೀಲು ಕೂಡ ಫಿಲ್ಮಿನಲ್ಲಿ ಬಿಗಿಯಾಗಿ ಕಾಣುತ್ತದೆ. ದೊಡ್ಡ ನಾಯಿಯಲ್ಲಿ ಮೂಳೆಯ ಹಾನಿಯೇ ಸಾಕ್ಷಿ ಹೇಳುತ್ತದೆ, ಪರವಾಗಿಲ್ಲ. ನಾಲ್ಕು ತಿಂಗಳ ಮರಿಯಲ್ಲಿ ಹಾನಿ ಇನ್ನೂ ಆಗಿಲ್ಲ, ಇರುವುದು ಸಡಿಲ ಮಾತ್ರ. ಅದನ್ನೇ ಈ ಭಂಗಿ ಮುಚ್ಚಿಡುತ್ತದೆ.

ಇದಕ್ಕೆ ಪರಿಹಾರ ಹುಡುಕಿದವರು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಗೇಲ್ ಸ್ಮಿತ್. 1980ರ ದಶಕದಲ್ಲಿ ಅವರು ರೂಪಿಸಿದ ವಿಧಾನ ಈಗ ಪೆನ್‌ಹಿಪ್ ಅಂತ ಪ್ರಸಿದ್ಧ. ಇದನ್ನು 16 ವಾರದ ಮರಿಯಿಂದಲೇ ಮಾಡಬಹುದು. ಗಾಢ ಮಂಪರಿನಲ್ಲಿ ಮೂರು ಚಿತ್ರ ತೆಗೆಯುತ್ತಾರೆ. ಒಂದು ಹಳೆಯ ಭಂಗಿಯದು. ಇನ್ನೊಂದು ಗುಂಡನ್ನು ಬಟ್ಟಲಿಗೆ ಒತ್ತಿ ಹಿಡಿದು ತೆಗೆದದ್ದು. ಮೂರನೆಯದೇ ಮುಖ್ಯ: ಕಾಲುಗಳನ್ನು ನಾಯಿ ನಿಂತಾಗ ಇರುವಂಥ ಕೋನದಲ್ಲಿಟ್ಟು, ತೊಡೆಗಳ ನಡುವೆ ಮೆತ್ತನೆಯ ಒಂದು ಸಾಧನ ಇರಿಸಿ, ಮೊಣಕಾಲುಗಳನ್ನು ಸ್ವಲ್ಪ ಹತ್ತಿರ ತರುತ್ತಾರೆ. ಸನ್ನೆಗೋಲಿನ ಹಾಗೆ ಕೆಲಸ ಮಾಡಿ ಅದು ಎರಡೂ ಗುಂಡುಗಳನ್ನು ಹೊರಕ್ಕೆ ತಳ್ಳುತ್ತದೆ. ಎಷ್ಟು ಹೊರಗೆ ಬರುತ್ತವೆ ಅನ್ನುವುದೇ ಅಳತೆ.

ಆ ಅಳತೆಗೆ ಡಿಸ್ಟ್ರಾಕ್ಷನ್ ಇಂಡೆಕ್ಸ್ ಅಂತ ಹೆಸರು. ಲೆಕ್ಕ ಸುಲಭ. ಗುಂಡಿನ ತ್ರಿಜ್ಯ 10 ಮಿಲಿಮೀಟರ್ ಅಂತಿಟ್ಟುಕೊಳ್ಳಿ. ಅದರ ಕೇಂದ್ರ ಬಟ್ಟಲಿನ ಕೇಂದ್ರದಿಂದ 3 ಮಿಲಿಮೀಟರ್ ಹೊರಗೆ ಬಂದರೆ ಸೂಚ್ಯಂಕ 0.3. ಏಳು ಮಿಲಿಮೀಟರ್ ಬಂದರೆ 0.7. ಸೊನ್ನೆ ಅಂದರೆ ಅಲುಗಾಡುವುದೇ ಇಲ್ಲ, 1ರ ಹತ್ತಿರ ಅಂದರೆ ಗುಂಡು ಬಟ್ಟಲು ಬಿಟ್ಟೇ ಹೊರಟಿದೆ. 0.3ರ ಒಳಗಿದ್ದರೆ ಮುಂದೆ ಈ ಸಂಧಿವಾತ ಬರುವ ಸಾಧ್ಯತೆ ತೀರ ಕಡಿಮೆ. ಅದಕ್ಕಿಂತ ಮೇಲೆ ಹೋದಂತೆಲ್ಲ ಅಪಾಯ ಏರುತ್ತದೆ.

ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಸಡಿಲ ಅಂದರೆ ಕಾಯಿಲೆ ಅಲ್ಲ. 0.5 ಬಂದ ಮರಿಗಳಲ್ಲಿ ಕೆಲವು ಜೀವನಪೂರ್ತಿ ಆರಾಮಾಗಿ ಇದ್ದುಬಿಡುತ್ತವೆ. ತಳಿಯಿಂದ ತಳಿಗೂ ವ್ಯತ್ಯಾಸ ಇದೆ. ಒಂದೇ ಅಂಕಿ ಬಂದರೂ ಜರ್ಮನ್ ಶೆಫರ್ಡ್‌ಗೆ ಸಂಧಿವಾತದ ಅಪಾಯ ಬೇರೆ ಎಷ್ಟೋ ತಳಿಗಳಿಗಿಂತ ಜಾಸ್ತಿ. ಗ್ರೇಹೌಂಡ್‌ಗಳ ಸೊಂಟವಂತೂ ತಳಿಗೆ ತಳಿಯೇ ಬಿಗಿ. ಹಾಗಾಗಿ ಅಂಕಿಯನ್ನು ಅದೇ ತಳಿಯ ಬೇರೆ ನಾಯಿಗಳ ಜೊತೆ ಹೋಲಿಸಿ ಓದಬೇಕು. ಪೆನ್‌ಹಿಪ್ ವರದಿಯಲ್ಲಿ ಆ ಹೋಲಿಕೆಯೂ ಇರುತ್ತದೆ. ಇದನ್ನು ಮಾಡಲು ಡಾಕ್ಟರು ಪ್ರತ್ಯೇಕ ತರಬೇತಿ ಪಡೆದಿರಬೇಕು, ಎಲ್ಲ ಕಡೆ ಸಿಗುವುದಿಲ್ಲ. ಸಿಗದಿದ್ದರೆ ಮಂಪರಿನಲ್ಲಿ ಆರ್ಟೊಲಾನಿ ಮಾಡಿ ಜೊತೆಗೆ ಸಾಮಾನ್ಯ ಎಕ್ಸ್‌ರೇ ತೆಗೆದರೂ ಏನೂ ಮಾಡದೆ ಕೂರುವುದಕ್ಕಿಂತ ಎಷ್ಟೋ ಮೇಲು.

ಗೊತ್ತಾದರೆ ಮಾಡುವುದೇನು?

ಏನೂ ಮಾಡಲಾಗದ ಸಂಗತಿಯನ್ನು ಬೇಗ ತಿಳಿದು ಏನು ಪ್ರಯೋಜನ ಅಂತ ಕೇಳಬಹುದು. ಮಾಡಲು ಬಹಳಷ್ಟಿದೆ. ಕೆಲವಕ್ಕೆ ಗಡುವು ಇದೆ ಅಷ್ಟೇ.

ಗಡುವು ಇಲ್ಲದ್ದು, ಖರ್ಚಿಲ್ಲದ್ದು, ಎಲ್ಲಕ್ಕಿಂತ ಹೆಚ್ಚು ಉಪಕಾರಿ ಒಂದಿದೆ. ತೂಕ. ಇದರ ಮೇಲೆ ನಡೆದ ಒಂದು ಅಧ್ಯಯನ ಎಷ್ಟು ಸಲ ಹೇಳಿದರೂ ಸಾಲದು. ನಾಯಿ ಆಹಾರ ತಯಾರಿಸುವ ಪ್ಯೂರಿನಾ ಕಂಪನಿಯವರು 48 ಲ್ಯಾಬ್ರಡಾರ್ ಮರಿಗಳನ್ನು ಜೋಡಿ ಜೋಡಿಯಾಗಿ ಬೆಳೆಸಿದರು. ಪ್ರತಿ ಜೋಡಿಯಲ್ಲೂ ಒಂದಕ್ಕೆ ಇನ್ನೊಂದು ತಿಂದದ್ದಕ್ಕಿಂತ 25 ಶೇಕಡಾ ಕಡಿಮೆ ಊಟ. ಊಟ ಒಂದೇ, ಅಳತೆ ಮಾತ್ರ ಬೇರೆ. ಹೀಗೆ ಅವುಗಳ ಜೀವನಪೂರ್ತಿ ನಡೆಸಿದರು. ಕಡಿಮೆ ತಿಂದ ಗುಂಪಿನ ಅರ್ಧದಷ್ಟು ನಾಯಿಗಳ ಸೊಂಟದಲ್ಲಿ ಸಂಧಿವಾತ ಎಕ್ಸ್‌ರೇಗೆ ಕಂಡದ್ದು 12 ವರ್ಷದ ಹೊತ್ತಿಗೆ. ಇನ್ನೊಂದು ಗುಂಪಿನಲ್ಲಿ 6 ವರ್ಷಕ್ಕೇ ಕಂಡಿತು. ಆಯಸ್ಸೂ ಹೆಚ್ಚಿತು. 2002ರಲ್ಲಿ ಪ್ರಕಟವಾದ ಲೆಕ್ಕದಲ್ಲಿ ತೆಳ್ಳಗಿನ ಗುಂಪಿನ ಮಧ್ಯಮ ಆಯಸ್ಸು 13 ವರ್ಷ, ಮತ್ತೊಂದರದ್ದು 11.2. ಯಾವ ಮಾತ್ರೆಯೂ ಇಷ್ಟು ಮಾಡಿದ್ದನ್ನು ನಾನು ಕೇಳಿಲ್ಲ. ಆದರೂ ದುಂಡುದುಂಡಗಿನ ಮರಿಯನ್ನು ಕಂಡರೆ ನಮಗೆ ಸಮಾಧಾನ. ಪಕ್ಕೆಲುಬು ಕಣ್ಣಿಗೆ ಎದ್ದು ಕಾಣಬಾರದು, ಆದರೆ ಕೈ ಸವರಿದರೆ ಒತ್ತದೆಯೇ ಎಣಿಸುವ ಹಾಗೆ ಸಿಗಬೇಕು. ಸೊಂಟ ಕೆಟ್ಟಿದೆ ಅಂತ ಗೊತ್ತಿರುವ ಮರಿಗೆ ಈ ನಿಯಮ ಪಾಲಿಸುವುದು ಮನೆಯವರಿಗೂ ಸುಲಭವಾಗುತ್ತದೆ. ಅಜ್ಜಿ ತಟ್ಟೆಯಿಂದ ತುತ್ತು ಜಾರಿಸುವುದು ನಿಲ್ಲುತ್ತದೆ.

ಕ್ಯಾಲ್ಸಿಯಂ ಬಗ್ಗೆ ಒಂದು ಮಾತು. ದೊಡ್ಡ ತಳಿಯ ಮರಿಗೆ ಮೂಳೆ ಗಟ್ಟಿಯಾಗಲಿ ಅಂತ ಸಿರಪ್ ಕುಡಿಸುವವರು ಬಹಳ. ಸಮತೋಲದ ಊಟ ತಿನ್ನುವ ಮರಿಗೆ ಅದು ಬೇಡ. ಜಾಸ್ತಿ ಕ್ಯಾಲ್ಸಿಯಂ ಬೆಳೆಯುವ ಮೂಳೆಯನ್ನು ಕೆಡಿಸುತ್ತದೆ.

ಆಟ ನಿಲ್ಲಿಸಬೇಕೇ? ಬೇಡ. ನಾರ್ವೆಯಲ್ಲಿ ನಾಲ್ಕು ದೊಡ್ಡ ತಳಿಗಳ ಮರಿಗಳನ್ನು ಹುಟ್ಟಿನಿಂದ ಹಿಂಬಾಲಿಸಿ ನೋಡಿದರು. ಮೂರು ತಿಂಗಳ ಒಳಗೆ ದಿನಾ ಮೆಟ್ಟಿಲು ಹತ್ತಿ ಇಳಿದ ಮರಿಗಳಲ್ಲಿ ಡಿಸ್‌ಪ್ಲೇಸಿಯಾ ಹೆಚ್ಚು ಕಂಡಿತು. ಅದೇ ವಯಸ್ಸಿನಲ್ಲಿ ಹೊರಗೆ ಮೆತ್ತನೆಯ, ಏರುತಗ್ಗಿನ ನೆಲದಲ್ಲಿ ಸ್ವತಂತ್ರವಾಗಿ ಓಡಾಡಿದವುಗಳಲ್ಲಿ ಕಡಿಮೆ. ಅಂದರೆ ಮಣ್ಣು, ಹುಲ್ಲು ಒಳ್ಳೆಯದು. ಮೆಟ್ಟಿಲು, ಜಾರುವ ಟೈಲ್ಸ್ ಒಳ್ಳೆಯದಲ್ಲ. ಜಾರುವ ನೆಲಕ್ಕೆ ಒಂದೆರಡು ಚಾಪೆ ಹಾಸಿದರೂ ವ್ಯತ್ಯಾಸ ಆಗುತ್ತದೆ.

ಈಗ ಗಡುವಿನ ವಿಷಯ. ಜೆಪಿಎಸ್ ಅನ್ನುವ ಒಂದು ಸಣ್ಣ ಆಪರೇಷನ್ ಇದೆ. ಹೊಟ್ಟೆಯ ಕೆಳಗೆ, ಸೊಂಟದ ಎಡ ಬಲ ಮೂಳೆಗಳು ಮುಂದೆ ಕೂಡುವ ಜಾಗದಲ್ಲಿ ಬೆಳೆಯುವ ಮೆದುಮೂಳೆ ಇರುತ್ತದೆ. ಅದನ್ನು ಸುಟ್ಟು ಅಲ್ಲಿ ಬೆಳವಣಿಗೆ ನಿಲ್ಲಿಸುತ್ತಾರೆ. ಮಿಕ್ಕ ಮೂಳೆ ಬೆಳೆಯುತ್ತಲೇ ಇರುತ್ತದೆ. ಕೆಳಗಡೆ ಹಿಡಿದುಕೊಂಡಂತಾಗಿ ಬಟ್ಟಲುಗಳು ತಾವಾಗಿಯೇ ಹೊರಕ್ಕೆ ವಾಲಿ ಗುಂಡಿನ ಮೇಲೆ ಮುಚ್ಚಿಕೊಳ್ಳುತ್ತವೆ. ಮರಿಯ ಸ್ವಂತ ಬೆಳವಣಿಗೆಯನ್ನೇ ಕೆಲಸಕ್ಕೆ ಹಚ್ಚುವ ಜಾಣತನ ಇದು. ಆದರೆ ಬೆಳವಣಿಗೆ ಉಳಿದಿದ್ದರೆ ತಾನೇ? ಹನ್ನೆರಡರಿಂದ ಹದಿನಾರು ವಾರ ಒಳ್ಳೆಯ ಸಮಯ. ಇಪ್ಪತ್ತು ವಾರ ದಾಟಿದರೆ ಲಾಭ ಹೆಚ್ಚೇನೂ ಉಳಿಯುವುದಿಲ್ಲ. ಹದಿನಾರನೇ ವಾರ ಪರೀಕ್ಷೆ ಮಾಡಿಸಿ, ವರದಿ ಬಂದು, ಮನೆಯಲ್ಲಿ ಮಾತಾಡಿ ತೀರ್ಮಾನ ಮಾಡುವಷ್ಟರಲ್ಲಿ ಕಿಟಕಿ ಮುಚ್ಚಿಹೋಗಿರುತ್ತದೆ. ಹಾಗಾಗಿ ಮರಿಯ ಲಸಿಕೆಗಳು ನಡೆಯುತ್ತಿರುವಾಗಲೇ ಮಾತು ತೆಗೆಯಬೇಕು. ಮೂರು ತಿಂಗಳ ಲಸಿಕೆಗೆ ಹೋದಾಗ "ಮುಂದಿನ ಸಲ ಸೊಂಟವನ್ನೂ ನೋಡ್ತೀರಾ ಡಾಕ್ಟ್ರೇ?" ಅಂತ ಕೇಳಿಟ್ಟರೆ ಸಾಕು. ಆ ಒಂದು ಪ್ರಶ್ನೆ ನಾನು ಕೇಳಿರಲಿಲ್ಲ.

ಜೆಪಿಎಸ್ ಆದ ನಾಯಿಯಿಂದ ಮರಿ ಮಾಡಿಸಬಾರದು. ಮುಂದೆ ಅದರ ಎಕ್ಸ್‌ರೇ ಚೆನ್ನಾಗಿ ಬರಬಹುದು, ರಕ್ತದಲ್ಲಿರುವ ಗುಣ ಹಾಗೇ ಇರುತ್ತದೆ.

ಆ ಗಡುವು ತಪ್ಪಿದರೆ ಇನ್ನೊಂದಿದೆ. ಸುಮಾರು ಐದರಿಂದ ಹತ್ತು ತಿಂಗಳ ನಡುವೆ, ಸಂಧಿವಾತ ಶುರುವಾಗಿರದಿದ್ದರೆ, ಸೊಂಟದ ಮೂಳೆಯನ್ನು ಎರಡು ಅಥವಾ ಮೂರು ಕಡೆ ಕತ್ತರಿಸಿ, ಬಟ್ಟಲನ್ನು ತಿರುಗಿಸಿ ಪ್ಲೇಟ್ ಹಾಕಿ ಕೂರಿಸುತ್ತಾರೆ. ಇದು ದೊಡ್ಡ ಆಪರೇಷನ್. ಅದೂ ದಾಟಿದರೆ ಉಳಿಯುವುದು ತೂಕ, ನೋವಿನ ಮದ್ದು, ಈಜು ಮತ್ತು ವ್ಯಾಯಾಮ, ಕೊನೆಗೆ ಕೃತಕ ಕೀಲು ಇಲ್ಲವೇ ಗುಂಡನ್ನೇ ಕತ್ತರಿಸಿ ತೆಗೆಯುವುದು. ಇವುಗಳಿಂದಲೂ ನಾಯಿಗಳು ಚೆನ್ನಾಗಿ ಬದುಕುತ್ತವೆ. ನಮ್ಮದು ತೂಕ ಇಳಿಸಿಕೊಂಡು, ಮದ್ದಿನ ಮೇಲೆ ವರ್ಷಗಟ್ಟಲೆ ಓಡಾಡಿತು. ಮನೆಯಲ್ಲಿರುವ ಮನುಷ್ಯರ ನೋವಿನ ಮಾತ್ರೆ ಮಾತ್ರ ಕೊಡಬೇಡಿ. ಐಬುಪ್ರೊಫೆನ್‌ನಂಥವು ನಾಯಿಗೆ ವಿಷ.

ಸಂತಾನಹರಣದ ಆಪರೇಷನ್ ಯಾವಾಗ ಅನ್ನುವುದಕ್ಕೂ ಇದಕ್ಕೂ ನಂಟಿದೆ. ಗೋಲ್ಡನ್ ರಿಟ್ರೀವರ್‌ಗಳ ಮೇಲೆ 2013ರಲ್ಲಿ ಬಂದ ಅಧ್ಯಯನದಲ್ಲಿ, ಒಂದು ವರ್ಷದ ಒಳಗೆ ಆಪರೇಷನ್ ಆದ ಗಂಡು ನಾಯಿಗಳಲ್ಲಿ ಡಿಸ್‌ಪ್ಲೇಸಿಯಾ ಆಪರೇಷನ್ ಆಗದವುಗಳ ಎರಡರಷ್ಟಿತ್ತು. ಎಲ್ಲ ತಳಿಗೂ ಇದೇ ಲೆಕ್ಕ ಅಲ್ಲ. ದೊಡ್ಡ ತಳಿಯ ಮರಿ ಇದ್ದರೆ ಅವಸರಕ್ಕೆ ಮೊದಲು ಡಾಕ್ಟರ ಹತ್ತಿರ ಇದನ್ನು ಮಾತಾಡಿ.

ಮರಿ ತರುವ ಮೊದಲು

ಮರಿಯನ್ನು ಮನೆಗೆ ತರುವ ಮೊದಲೇ ಸಿಗುವ ಪರೀಕ್ಷೆ ಒಂದೇ: ಅಪ್ಪ ಅಮ್ಮನ ಸೊಂಟ. ಅಮೆರಿಕದ ಒಎಫ್‌ಎ ಸಂಸ್ಥೆ 1966ರಿಂದ ಈ ಕೆಲಸ ಮಾಡುತ್ತಿದೆ. ಮೂವರು ತಜ್ಞರು ಬೇರೆ ಬೇರೆಯಾಗಿ ಎಕ್ಸ್‌ರೇ ಓದಿ ಅತ್ಯುತ್ತಮದಿಂದ ತೀವ್ರ ಡಿಸ್‌ಪ್ಲೇಸಿಯಾ ತನಕ ಏಳು ದರ್ಜೆಯಲ್ಲಿ ಒಂದನ್ನು ಕೊಡುತ್ತಾರೆ. ಪಕ್ಕಾ ಪ್ರಮಾಣಪತ್ರ ಸಿಗಲು ನಾಯಿಗೆ 24 ತಿಂಗಳಾಗಿರಬೇಕು. ಹಲವು ದೇಶಗಳ ಶ್ವಾನ ಸಂಘಗಳ ಒಕ್ಕೂಟವಾದ ಎಫ್‌ಸಿಐ ಪದ್ಧತಿಯಲ್ಲಿ ಎ ಇಂದ ಇ ತನಕ ಐದು ದರ್ಜೆ, ಎ ಒಳ್ಳೆಯದು. ಬ್ರಿಟನ್ನಿನ ಪದ್ಧತಿ ಇವೆರಡಕ್ಕಿಂತ ಬೇರೆ. ಪ್ರತಿ ಸೊಂಟದಲ್ಲೂ ಒಂಬತ್ತು ಅಂಶ ನೋಡಿ 53ರ ತನಕ ಅಂಕ ಹಾಕುತ್ತಾರೆ, ಎರಡೂ ಸೇರಿ 106. ಪರೀಕ್ಷೆಯಲ್ಲಿ ಅಂಕ ಜಾಸ್ತಿ ಬಂದರೆ ಒಳ್ಳೆಯದು ಅನ್ನುವ ನಮ್ಮ ಅಭ್ಯಾಸ ಇಲ್ಲಿ ಉಲ್ಟಾ. ಸೊನ್ನೆ ಬಂದವನೇ ಮೊದಲು.

ಬ್ರೀಡರ್ "ಅಪ್ಪ ಅಮ್ಮ ಇಬ್ಬರೂ ಚೆನ್ನಾಗಿ ಓಡ್ತಾರೆ, ನೀವೇ ನೋಡಿ" ಅಂದರೆ ಅದು ಉತ್ತರವಲ್ಲ. ಕಾಗದ ತೋರಿಸಲಿ. ಅದರ ಮೇಲಿನ ಮೈಕ್ರೊಚಿಪ್ ನಂಬರು ಆ ನಾಯಿಯದ್ದೇ ಆಗಿರಲಿ. ಅಪ್ಪ ಅಮ್ಮನ ಒಡಹುಟ್ಟಿದವುಗಳ ಫಲಿತಾಂಶವೂ ಇದ್ದರೆ ಇನ್ನೂ ಒಳ್ಳೆಯದು. ಈ ಗುಣ ಒಂದು ಜೀನಿನಿಂದ ಬರುವುದಲ್ಲ, ಹಲವು ಜೀನುಗಳು ಸೇರಿ ಬರುತ್ತದೆ. ಒಳ್ಳೆಯ ಸೊಂಟದ ಜೋಡಿಗೂ ಕೆಟ್ಟ ಸೊಂಟದ ಮರಿ ಹುಟ್ಟಬಹುದು. ಆದರೆ ಪಟ್ಟು ಹಿಡಿದು ಆರಿಸಿದರೆ ಫಲ ಸಿಗುತ್ತದೆ. ಅಮೆರಿಕದಲ್ಲಿ ಕುರುಡರಿಗೆ ದಾರಿ ತೋರಿಸುವ ನಾಯಿಗಳನ್ನು ಬೆಳೆಸುವ ದಿ ಸೀಯಿಂಗ್ ಐ ಸಂಸ್ಥೆ ತನ್ನ ನಾಯಿಗಳಲ್ಲಿ ಹೀಗೆ ಆರಿಸುತ್ತಾ ಹೋಯಿತು. ಐದು ತಲೆಮಾರು ತುಂಬುವ ಮೊದಲೇ ಅದರ ಜರ್ಮನ್ ಶೆಫರ್ಡ್‌ಗಳಲ್ಲಿ ಡಿಸ್‌ಪ್ಲೇಸಿಯಾ ಶೇ. 55ರಿಂದ 24ಕ್ಕೆ, ಲ್ಯಾಬ್ರಡಾರ್‌ಗಳಲ್ಲಿ ಶೇ. 30ರಿಂದ 10ಕ್ಕೆ ಇಳಿಯಿತು.

ಎಲ್ಲ ಮರಿಗೂ ಈ ಪರೀಕ್ಷೆ ಬೇಕಾ? ನನ್ನ ಪ್ರಕಾರ ಬೇಡ. ಲ್ಯಾಬ್ರಡಾರ್, ಗೋಲ್ಡನ್, ಜರ್ಮನ್ ಶೆಫರ್ಡ್, ರಾಟ್‌ವೀಲರ್, ಸೇಂಟ್ ಬರ್ನಾರ್ಡ್ ಥರದ ದೊಡ್ಡ ತಳಿಗಳಿಗೆ ಖಂಡಿತ ಮಾಡಿಸಿ. ಬುಲ್‌ಡಾಗ್, ಪಗ್‌ಗಳ ಸೊಂಟವೂ ಕೆಟ್ಟದ್ದೇ, ಗಾತ್ರ ನೋಡಿ ಮೋಸ ಹೋಗಬೇಡಿ. ಆದರೆ ಅವುಗಳ ಮೂಗು ಗಿಡ್ಡವಾದ್ದರಿಂದ ಮಂಪರು ಕೊಡುವಾಗ ಹೆಚ್ಚಿನ ಎಚ್ಚರ ಬೇಕು. ಯಾವ ತಳಿಯಾದರೂ ಸರಿ, ಓಡಾಟದಲ್ಲಿ ಅನುಮಾನ ಬಂದರೆ ಕಾಯುವುದು ಬೇಡ.

ಪರೀಕ್ಷೆಯ ದಿನ ಖಾಲಿ ಹೊಟ್ಟೆಯಲ್ಲಿ ಕರೆದುಕೊಂಡು ಬನ್ನಿ ಅನ್ನುತ್ತಾರೆ. ಎಷ್ಟು ಹೊತ್ತಿನ ಮುಂಚೆ ಊಟ ನಿಲ್ಲಿಸಬೇಕು ಅಂತ ಸರಿಯಾಗಿ ಕೇಳಿಕೊಳ್ಳಿ. ಚಿಕ್ಕ ಮರಿಗಳನ್ನು ತುಂಬ ಹೊತ್ತು ಹಸಿದಿಡಬಾರದು. ಮರಿ ಓಡುವ, ಏಳುವ, ಮೆಟ್ಟಿಲು ಹತ್ತುವ ಒಂದೆರಡು ವಿಡಿಯೊ ತೆಗೆದುಕೊಂಡು ಹೋಗಿ. ಆಸ್ಪತ್ರೆಯಲ್ಲಿ ಹೆದರಿದ ಮರಿ ಮನೆಯಲ್ಲಿ ನಡೆದ ಹಾಗೆ ನಡೆಯುವುದಿಲ್ಲ. ಎಕ್ಸ್‌ರೇಯ ಪ್ರತಿ ಕೇಳಿ ಇಟ್ಟುಕೊಳ್ಳಿ, ವರ್ಷ ಬಿಟ್ಟು ಮತ್ತೆ ತೆಗೆದಾಗ ಹೋಲಿಸಲು ಬೇಕಾಗುತ್ತದೆ. ಆ ಸಂಜೆ ಮರಿ ತೂಕಡಿಸುತ್ತದೆ, ಕಾಲು ಎಳೆಯುತ್ತದೆ, ಬಾಗಿಲಿಗೆ ಡಿಕ್ಕಿ ಹೊಡೆಯುತ್ತದೆ. ಅದನ್ನು ನೋಡಿ ಸೊಂಟ ಹೋಯಿತು ಅಂತ ಗಾಬರಿ ಬೀಳಬೇಡಿ. ಅದು ಮದ್ದಿನ ನಡಿಗೆ.